ದಾರಿ ಕಂಡ ಬೆಕ್ಕು

ಸುಭಾಸ ಬೆಕ್ಕನ್ನು ತೋಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದ. ಅದು ಬೀದಿಯುದ್ದಕ್ಕೂ ಕತ್ತು ಹೊರಳಿಸಿ ನೋಡುತ್ತಲೇ ಬಂದಿತ್ತು. ಅವನ ತಾಯಿ ಸೋಮವ್ವ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

“ಅವ್ವನ ಹೊರಸು ಬಿಟ್ಟು ಏಳವಲ್ದು, ಹಾಲೂ ಮುಟ್ಟವಲ್ದು. ನಾ ದಿನಾ ಗುಡ್ಡದ ಕೆಳಗ ಎಸ್‌ಟಿಡಿ ಬೂತಿನ್ಯಾಗ ಇರತೇನಿ. ನೀನ ಸಾಕು ಮೀನಾ,” ಎಂದ.

ಬೆಕ್ಕನ್ನು ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೆಕ್ಕನ್ನೇ ನೋಡಿದೆವು.

ಅವನು ಹೋದದ್ದೇ ತಡ, ನಮ್ಮವ್ವ ಸಾವಿತ್ರೆವ್ವ ಶುರು ಹಚ್ಚಿದಳು. “ಎಂಥಾ ಹುಡುಗ ಇವಾ! ಬೆಕ್ಕ ಚೀಲದಾಗ ಹಾಕಿ, ಬಾಯಿ ಕಟ್ಟಿ ತರಬೇಕು. ದಾರಿ ಕಂಡ್ರ ನಿಲ್ಲತೈತೇನು?”

ಒಲೆಯ ಬೂದಿ ಪಾದಕ್ಕೆ ಹತ್ತಿದರೆ ಬೆಕ್ಕು ಆ ಮನೆ ಬಿಡುವುದಿಲ್ಲವೆಂದು, ಅವ್ವ ನಮ್ಮ ಒಲೆಯ ಬೂದಿಯನ್ನು ಅದರ ಪಾದಕ್ಕೆ ಸವರಿದಳು. ನಾನು ನನ್ನ ಹಳೆಯ ಓಢಣಿ ಹಾಸಿ ಮಲಗಿಸಿದೆ. ಏನು ಮಾಡಿದರೇನು, ದನ ಮನೆಗೆ ಬರುವ ಹೊತ್ತಿಗೆ ಅದು ಮಾಯ.

ದಿನಾ ಸಂಜೆ ಸುಭಾಸನ ಮನೆಗೆ ಅದನ್ನು ಕರೆತರಲು ಹೋಗುತ್ತಿದ್ದೆ. ಸೋಮವ್ವ ಮಲಗುತ್ತಿದ್ದ ಬರಿಯ ಹೊರಸಿನ ಮೇಲೆ ಬೆಕ್ಕು, ಪಕ್ಕದಲ್ಲಿ ನೆಲದ ಮೇಲೆ ಸುಭಾಸ. ನನಗೆಂದು ಚಹಾ ಕಾಸಿಟ್ಟಿರುತ್ತಿದ್ದ. ತಾಯಿಯ ಮಾತು ಬಂದರೆ ಅವನ ಕಣ್ಣು ತುಂಬುತ್ತಿತ್ತು. ನಾನು ಕಪ್ಪು-ಬಸಿ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಆ ಮನೆ ಬಿಟ್ಟು ಬರಲು ಬೆಕ್ಕಿಗಿಂತ ನನಗೇ ಮನಸ್ಸಾಗುತ್ತಿರಲಿಲ್ಲ. ಹೆಣ್ಣಾಗಿ ಅದನ್ನು ಹೇಳುವುದಾದರೂ ಹೇಗೆ?

ಅಷ್ಟರಲ್ಲಿ ಬೈಲಹೊಂಗಲದಿಂದ ವರನ ಕಡೆಯವರು ಬರುವುದು ಗಟ್ಟಿಯಾಯಿತು. ಅಂದು ಚೀಲ ಹಿಡಿದೇ ಹೋದೆ.

“ಇವತ್ತ ಬಾಯಿ ಕಟ್ಟಿ ಒಯ್ಯತೇನ್ರಿ. ಇನ್ನ ಇದು ಬರಂಗಿಲ್ಲ, ನಾನೂ ಬರಂಗಿಲ್ಲ. ಸೋಮವಾರ ನನ್ನ ನೋಡಾಕ ಬರಾಕತ್ತಾರ.”

ಸುಭಾಸನ ಮುಖ ಕಪ್ಪಿಟ್ಟಿತು. ಚೀಲದ ಇನ್ನೊಂದು ತುದಿ ಹಿಡಿದವನು ಬಿಡಲೇ ಇಲ್ಲ.

“ಚೀಲದಾಗ ತರಬೇಕಂತ ನನಗೂ ಗೊತ್ತಿತ್ತು. ಬೇಕಂತನ ದಾರಿ ತೋರಿಸಿಕೊಂತ ತಂದೆ, ಮೀನಾ. ಅದು ತಿರುಗಿ ಬಂದ್ರ, ಅದರ ಹಿಂದ ನೀನೂ ಬರತಿ ಅಂತ.”

ನನಗೆ ಸಿಟ್ಟು ಬಂತು. “ಇಷ್ಟ ದಿನಾ ಬಾಯಾಗ ಕಡಬ ಇಟಗೊಂಡಿದ್ರೇನು?”

“ಅವ್ವನ್ನ ಮಣ್ಣ ಮಾಡಿ ಬಂದ ಮನ್ಯಾಗ ಇಂಥಾ ಮಾತ ಹೆಂಗ ಆಡ್ಲಿ?” ಅವನು ಚೀಲದ ತುದಿ ಬಿಟ್ಟ. “ನಾಳೆ ಮುಂಜಾನೆ ನಿಮ್ಮಪ್ಪಗ ಕೇಳಾಕ ಬರತೇನಿ. ಬರ್ಲೇನು?”

ನಾನು ಅತ್ತೇಬಿಟ್ಟೆ. ಬೆಕ್ಕನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸೋಮವ್ವನ ಒಲೆಯ ಬೂದಿಯನ್ನು ಅದರ ಪಾದಕ್ಕೆ ಸವರಿದೆ. ಮತ್ತೆ ಅದೇ ಹೊರಸಿನ ಮೇಲೆ ಬಿಟ್ಟೆ. ಚೀಲವನ್ನು ಮಡಚಿ ಅವನ ಕೈಗಿಟ್ಟೆ.

“ಬರ್ರಿ,” ಎಂದೆ. “ಬೆಕ್ಕ ಇಲ್ಲೇ ಇರಲಿ. ನಾ ಬರೂತನಾ ನೀವ ಹಾಲ ಹಾಕ್ರಿ.”