ಭೀಮೆಯ ದಿಬ್ಬದ ಸಿಂಪಿ

ಹೊತ್ತು ಏರುವ ಮೊದಲು ಭೀಮಾ ಹೊಳೆಯ ನಡುವಿನ ಮರಳುದಿಬ್ಬ ಮುಟ್ಟಬೇಕು. ಚೀಲ ತುಂಬ ಸಿಂಪಿ ಆರಿಸಬೇಕು. ದಂಡೆಯ ಮೇಲೆ ಅಡುಗೆ ಮಾಡಿ, ಒಂದು ಡಬ್ಬಿ ಸಾರು ಸಲಗರ ಬುದ್ರುಕ ಊರಿನ ಅತ್ತೆಯ ತಾಟಿಗೆ ಬಡಿಸಬೇಕು. ಸುವರ್ಣಾ ತಲೆಯ ಮೇಲೆ ಹೊತ್ತುಕೊಂಡ ಕೆಲಸ ಇದು.

ಆಕೆಯ ತವರು ಮಂದ್ರೂಪದ ಆಚೆ, ಹೊಳೆದಂಡೆಯ ಹಳ್ಳಿ. ಕೊಟ್ಟ ಮನೆಯವರದು ಮಳೆ ನಂಬಿದ ಬೇಸಾಯ. ಕುರಿ, ಕೋಳಿ ತಿನ್ನುವವರೇ ಆದರೂ, ಹೊಳೆಯ ಚಿಪ್ಪು ಒಡೆದು ಸಾರು ಮಾಡುತ್ತಾರೆಂದರೆ ಆ ಮನೆಯಲ್ಲಿ ನಗೆ ಏಳುತ್ತಿತ್ತು. ಮೊನ್ನೆ ಊಟಕ್ಕೆ ಕೂತಾಗ ಅತ್ತೆ ಕಲ್ಯಾಣಮ್ಮ, "ಸಿಂಪಿಯೊಳಗ ಮುತ್ತು ಇರ್ತಾವ ಅಂತ ಪುರಾಣದಾಗ ಕೇಳೀನವಾ. ಸಾರು ಇರತದ ಅಂತ ಯಾವ ಶಾಸ್ತ್ರಿನೂ ಹೇಳಿಲ್ಲ," ಅಂದಿದ್ದರು. ತಂದು ತೋರಿಸು, ಇಲ್ಲವೇ ನಿಮ್ಮವ್ವನ ಅಡುಗೆಯ ಮಾತು ಇನ್ನು ತೆಗೆಯಬೇಡ ಎಂದೂ ಸೇರಿಸಿದ್ದರು. ಸುವರ್ಣಾಳ ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆಕೆಗೆ ಉಳಿದದ್ದು ಆ ಮಾತುಗಳೇ.

ಅದಕ್ಕೇ ಗಂಡ ಮೈಲಾರಲಿಂಗ, ನಾದಿನಿ ನಂದಾ ಇಬ್ಬರನ್ನೂ ಕರೆದುಕೊಂಡು ಬಂದಿದ್ದಳು. ನಂದಾ ಸಾಕ್ಷಿಗೆಂದು ಬಂದವಳು. ಏನೂ ಸಿಗುವುದಿಲ್ಲವೆಂದು ದಾರಿಯುದ್ದಕ್ಕೂ ಅಣ್ಣನೊಡನೆ ಪಂಥ ಕಟ್ಟುತ್ತಿದ್ದಳು. ಮೇಲಿನ ಅಣೆಕಟ್ಟಿನಿಂದ ಬೇಸಿಗೆಯ ನೀರು ಬಿಟ್ಟರೆ ದಿಬ್ಬ ಮುಳುಗುತ್ತದೆ. ಇಂದು ತಪ್ಪಿದರೆ ತಪ್ಪಿದಂತೆಯೇ.

ಎಮ್ಮೆ ಇಳಿಯುವ ಘಾಟಿನಿಂದ ಮೊಣಕಾಲುದ್ದ ನೀರು ದಾಟಿ ಮೂವರೂ ದಿಬ್ಬ ಹತ್ತಿದರು. ಭೀಮೆ ಆಗಿನ್ನೂ ಕಣ್ಣು ಬಿಟ್ಟಿರಲಿಲ್ಲ. ಆಚೆ ದಂಡೆಯ ಕಬ್ಬು ಕಪ್ಪು ಗೆರೆಯಾಗಿ ಮಲಗಿತ್ತು. ನೀರಿನ ಮೇಲೆ ಬಿಳಿ ಹಬೆ ಎದ್ದು, ಯಾರೋ ಮೆಲ್ಲಗೆ ಧೂಪ ಹಾಕಿದಂತೆ, ಒಂದೊಂದೇ ಪದರವಾಗಿ ದಿಬ್ಬವನ್ನು ಸುತ್ತತೊಡಗಿತ್ತು. ಮರಳಿನ ಅಂಚಿನಲ್ಲಿ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತು ಇವರನ್ನು ನೋಡಿತು, ಹಾರಲಿಲ್ಲ.

ಸುವರ್ಣಾ ನೀರಿಗಿಳಿದು ಅಂಗಾಲಿನಿಂದ ಮರಳು ತಡವಿದಳು. ಗಟ್ಟಿ ಅಂಚು ತಾಗಿತು. ಬಗ್ಗಿ ಕಿತ್ತಳು. ಅಂಗೈಯಗಲದ ಕಪ್ಪು ಸಿಂಪಿ, ಬಿಗಿಯಾಗಿ ಬಾಯಿ ಮುಚ್ಚಿಕೊಂಡಿತ್ತು. ಬಾಯಿ ತೆರೆದದ್ದು ಸತ್ತದ್ದು, ಅದನ್ನು ಎಸೆಯಬೇಕು ಎಂದು ತಿಳಿಸಿಕೊಟ್ಟಳು. ನಂದಾ ಮೊದಲು ಮುಖ ಕಿವಿಚಿದಳು. ಆಮೇಲೆ ಅಣ್ಣನಿಗಿಂತ ಹೆಚ್ಚು ಹೆಕ್ಕಿದಳು.

ಚೀಲ ತುಂಬಿ ತಲೆ ಎತ್ತಿದಾಗ ಘಾಟು ಕಾಣಲಿಲ್ಲ. ಕಬ್ಬೂ ಕಾಣಲಿಲ್ಲ. ಸುತ್ತ ಬರೀ ಮಂಜು.

ಹೆಜ್ಜೆಗುರುತು ಹಿಡಿದು ಹೊರಟರು. ಅವು ತಿರುಗಿ ತಿರುಗಿ ಅವರನ್ನು ಚೀಲ ಇಟ್ಟಿದ್ದ ಜಾಗಕ್ಕೇ ತಂದು ಬಿಟ್ಟವು. ಮೈಲಾರಲಿಂಗ ಮೊಬೈಲ್ ತೆಗೆದ. ಅದರ ನಕಾಶೆಯಲ್ಲಿ ಹೊಳೆ ಇನ್ನೂ ತುಂಬಿತ್ತು, ಇವರು ನಟ್ಟನಡು ನೀರಿನಲ್ಲಿ ನಿಂತಿದ್ದರು. ಸುವರ್ಣಾಳ ಅಣ್ಣ ಧೂಳಪ್ಪನಿಗೆ ಹಚ್ಚಿದರೆ ಫೋನ್ ಎತ್ತಲಿಲ್ಲ. ಹಾಲು ಹಾಕಲು ಡೇರಿಗೆ ಹೋಗಿರಬೇಕು.

ಅಷ್ಟರಲ್ಲಿ ಕರೆಂಟು ಬಂತು. ದಂಡೆಯುದ್ದಕ್ಕೂ ಹೊಲಗಳ ಮೋಟರುಗಳು ಒಂದೊಂದಾಗಿ ಎದ್ದವು. ಅವುಗಳ ನಡುವೆ ಕಿರಗುಡುವ ಒಂದು ಸದ್ದು ಸುವರ್ಣಾಳ ಕಿವಿಗೆ ಬಿತ್ತು.

"ಇದು ನಮ್ಮ ಮೋಟರ. ಘಾಟಿನ ಮಗ್ಗಲಕ್ಕ ಕೂತಿರತದ. ಸದ್ದಿನ ಕಡಿ ನಡೀರಿ."

ನಡೆದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಇಳಿಯಿತು. ದಂಡೆ ಮುಟ್ಟಿದೆವು ಎನ್ನುವಷ್ಟರಲ್ಲಿ ಮುಂದೆ ಹೋಗುತ್ತಿದ್ದ ನಂದಾ ಸೊಂಟದವರೆಗೆ ಕುಸಿದಳು.

ರಾಡಿ. ಮೆತ್ತನೆಯ, ತಳವಿಲ್ಲದ ರಾಡಿ.

ಕಾಲು ಕೀಳಲು ಹೋದಷ್ಟೂ ಇಳಿದಳು. ಹಿಡಿಯಲು ಬಂದ ಮೈಲಾರಲಿಂಗನೂ ಮೊಣಕಾಲುದ್ದ ಹೂತುಹೋದ. ನಂದಾಳ ಬೆನ್ನಿಗೆ ಚೀಲ ಜೋತಿತ್ತು.

"ಚೀಲ ಬಿಡು, ನಂದಾ," ಅಂದಳು ಸುವರ್ಣಾ.

"ಬಿಟ್ರ ಅವ್ವನ ಮುಂದ ಏನ್ ಇಡ್ತಿ, ವೈನಿ?"

"ನೀ ಇರು ಸಾಕು. ಬಿಡು ಅಂದ್ರ ಬಿಡು."

ನಂದಾ ಬಿಡಲಿಲ್ಲ. ಬೆನ್ನಿನ ಚೀಲವನ್ನು ಎದೆಯ ಕೆಳಗೆ ಎಳೆದುಕೊಂಡು ಅದರ ಮೇಲೆ ಬೋರಲು ಬಿದ್ದಳು. ಚಿಪ್ಪುಗಳು ಕಟಕಟ ಒಡೆದವು. ಕುಸಿಯುವುದು ನಿಂತಿತು.

ಸುವರ್ಣಾ ಹೊಟ್ಟೆಯ ಮೇಲೆ ತೆವಳಿದಳು. ಕೈಗೆ ದುಂಡನೆಯದೊಂದು ತಾಗಿತು. ಪೈಪು. ಒಳಗೆ ನೀರು ಓಡುತ್ತ ನಡುಗುತ್ತಿತ್ತು. ಇಲ್ಲಿ ಪೈಪು ಹೇಗೆ ಬಂತು? ಇದು ಘಾಟಲ್ಲವಲ್ಲ? ಒಂದು ಗಳಿಗೆ ಆಕೆಗೆ ತಾನು ಯಾವ ದಂಡೆಯಲ್ಲಿದ್ದೇನೆ ಎಂಬುದೇ ತಿಳಿಯಲಿಲ್ಲ. ನಡುಗುವ ಪೈಪನ್ನು ಹಿಡಿದು ಶಿವಾ ಶಿವಾ ಎಂದಳು. ಆಗ ಹೊಳೆಯಿತು: ಹೊಳೆ ಇಳಿದಂತೆ ಎಲ್ಲರೂ ಮೋಟರನ್ನು ದಂಡೆ ಬಿಟ್ಟು ನೀರಿನ ಬೆನ್ನು ಹತ್ತಿಸಿ ಕೆಳಗೆ ಒಯ್ಯುತ್ತಾರೆ. ಅಣ್ಣನೂ ಒಯ್ದಿದ್ದಾನೆ. ಪ್ರತಿ ಬೇಸಿಗೆ ಕಣ್ಣಾರೆ ಕಂಡ ಸಂಗತಿ. ಸದ್ದು ಕೇಳಿದ ಸಂತೋಷದಲ್ಲಿ ಮರೆತಿದ್ದಳು.

"ಪೈಪ್ ಹಿಡೀರಿ," ಅಂದಳು. "ಮೋಟರ ನೀರಿನ ಕಡಿ ಐತಿ, ಪೈಪು ಹೊಲಕ್ಕ ಹೋಗತದ. ಸದ್ದಿಗೆ ಬೆನ್ನು ಮಾಡಿ ಹೋಗೂಣು."

"ಈಗ ಸದ್ದಿನ ಕಡಿ ಅಂದಿ, ಈಗ ಬೆನ್ನು ಅಂತಿ," ಅಂದ ಮೈಲಾರಲಿಂಗ. ಅಂದರೂ ಹಿಡಿದ.

ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಿಂದ ಹೆಗಲ ಮೇಲಿನ ಟಾವೆಲ್ಲು ಎಸೆದು ತಂಗಿಯನ್ನು ಎಳೆದ. ರಾಡಿ ನಂದಾಳ ಚಪ್ಪಲಿ ಇಟ್ಟುಕೊಂಡು ಆಕೆಯನ್ನು ಬಿಟ್ಟುಕೊಟ್ಟಿತು. ಮೂವರೂ ಪೈಪಿನಗುಂಟ ತೆವಳಿದರು. ಕಿರಗುಟ್ಟುವ ಸದ್ದು ಹಿಂದೆ ಹಿಂದೆ ಉಳಿಯಿತು. ಕೊನೆಗೆ ಅಂಗೈಗೆ ಒಣ ಮಣ್ಣು, ಕಬ್ಬಿನ ಒಣಗರಿಯ ರವುದಿ ತಾಗಿದವು.

ಆಮೇಲೆ ನಂದಾ ಚೀಲ ಸುರಿದಳು. ಅರ್ಧದಷ್ಟು ಒಡೆದಿದ್ದವು.

ಉಳಿದವನ್ನು ಉಪ್ಪುನೀರಿನಲ್ಲಿ ನೆನೆಹಾಕಿದರು. ಅವು ಮೆಲ್ಲಗೆ ಮರಳು ಉಗುಳಿದವು. ಅಣ್ಣನ ಹೊಲದ ಮೂರು ಕಲ್ಲಿನ ಒಲೆಯಲ್ಲಿ ಕುದಿಸಿದಾಗ ಒಂದೊಂದೇ ಬಾಯಿ ತೆರೆದವು. ಸುವರ್ಣಾ ಮಾಂಸ ಬಿಡಿಸಿ, ಒಳಗಿನ ಕಪ್ಪು ತೆಗೆದು, ಉಳ್ಳಾಗಡ್ಡಿ, ಕರಿ ಖಾರ, ಶೇಂಗಾ ಪುಡಿ ಹಾಕಿ ಕುದಿಸಿದಳು. ಕೊನೆಗೆ ಹುಳಿಗೆಂದು ಒಂದು ಹಿಡಿ ಪುಂಡಿಸೊಪ್ಪು. ನಂದಾ ಜೋಳದ ಭಾಕ್ರಿ ಅದ್ದಿ ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಇದು ಕುರಿಯಂತೆಯೂ ಇಲ್ಲ, ಮೀನಿನಂತೆಯೂ ಇಲ್ಲ, ಏನು ಹೇಳಬೇಕೋ ತಿಳಿಯದು ಎಂದಳು. ಮತ್ತೆ ತಾಟು ಚಾಚಿದಳು.

ಸಂಜೆ ಸಲಗರದಲ್ಲಿ ಕಲ್ಯಾಣಮ್ಮನ ಮುಂದೆ ಡಬ್ಬಿ ತೆರೆಯಿತು. ನಂದಾ ರಾಡಿಯ ಕಥೆ ಹೇಳಹೋದರೆ ಅವರು ಕೈಯಿಂದಲೇ ತಡೆದರು. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಮುಖದ ಮೇಲೆ ಏನೂ ತೋರಲಿಲ್ಲ.

"ನಿಮ್ಮವ್ವ ಇದಕ್ಕ ಹುಣಸಿಹಣ್ಣು ಹಾಕತಿದ್ಲೇನು?"

ಅದು ತಪ್ಪು ಹುಡುಕುವ ಮಾತೋ ಬೇರೆಯದೋ, ಸುವರ್ಣಾಗೆ ತಿಳಿಯಲಿಲ್ಲ.

"ಇಲ್ರಿ ಅತ್ತಿ, ಪುಂಡಿ ಸೊಪ್ಪು. ಅದೂ ಎಳೀದೇ ಬೇಕಂತಿದ್ಲು."

"ಹೌದೇನು. ಮತ್ತ ಏನೇನ್ ಮಾಡತಿದ್ಲು, ಕೂತು ಹೇಳು," ಎನ್ನುತ್ತ ಕಲ್ಯಾಣಮ್ಮ ತಾಟನ್ನು ಆಕೆಯ ಕಡೆ ಸರಿಸಿದರು.