ಭಾನುವಾರದ ಹಲ್ಲು

2009ರ ಜುಲೈ 19, ಭಾನುವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ.

ತೆಕ್ಕಟ್ಟೆ ದಾಟಿದ್ದೆ. ಕನ್ನಡಿಯಲ್ಲಿ ಬಿಳಿ ಪಿಕಪ್ ಇನ್ನೂ ಇತ್ತು.

ನಾನು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸುತ್ತಿತ್ತು. ನಿಧಾನ ಮಾಡಿದರೆ ಅದೂ ನಿಧಾನ. ಹಾರ್ನ್ ಇಲ್ಲ, ಓವರ್‌ಟೇಕ್ ಇಲ್ಲ... ಹೆಣದ ಹಿಂದೆ ನಡೆಯುವವರ ಹಾಗೆ, ಗೌರವದ ದೂರದಲ್ಲಿ.

ಹೆಣ ಇನ್ನೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿತ್ತು.

ಹೆಸರು ಚಂದು. ಎಡಗಡೆಯ ಕೆಳದವಡೆಯ ಒಂದು ಹಲ್ಲು ಅವನನ್ನು ಕೊಲ್ಲುತ್ತಿತ್ತು. ಗಲ್ಲದ ಕೆಳಗೆ ಕುತ್ತಿಗೆ ಎಂಬುದೇ ಉಳಿದಿರಲಿಲ್ಲ. ಎಲ್ಲ ಒಂದೇ ಕೆಂಪು ಗಡ್ಡೆ. ಜೊಲ್ಲು ನುಂಗಲಾಗದೆ ಸುರಿಯುತ್ತಿತ್ತು. ಹೆಂಡತಿ ಸರೋಜ ಕೆಂಪು ಬೈರಾಸದಲ್ಲಿ, ಅವನದೇ ಹೆಗಲ ಟವೆಲಿನಲ್ಲಿ, ಅದನ್ನು ಒರೆಸುತ್ತಿದ್ದಳು. ಅವನು ಎಚ್ಚರವಾಗಿದ್ದ... ಆದರೂ ಗೊರಕೆ ಹೊಡೆಯುತ್ತಿದ್ದ.

"ಸುಧೀರಣ್ಣ, ಇವ್ರ್ ಉಸ್ರ್ ಕೇಂತಿತ್ತಾ ನಿಮ್ಗೆ?"

"ಕೇಳ್ತಿದೆ."

ಕೇಳುತ್ತಿದ್ದುದರಿಂದಲೇ ನಾನು ಬ್ರೇಕ್ ಮುಟ್ಟುತ್ತಿರಲಿಲ್ಲ.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ಮುಳುಗಿದ ದೋಣಿಗಳು ನಿಜವಾಗಿ ಹೇಗೆ ಮುಳುಗಿದವು ಎಂದು ವಿಮಾ ಕಂಪನಿಗೆ ಹುಡುಕಿಕೊಡುವುದು. ಬಿ.ಎಸ್ಸಿ. ಓದಿದ್ದು ಇದಕ್ಕಲ್ಲ. ಆದರೆ ಎಷ್ಟು ದೊಡ್ಡ ತೂತಿನಿಂದ ಎಷ್ಟು ಬೇಗ ನೀರು ಒಳಗೆ ಬರುತ್ತದೆ ಎಂಬ ಲೆಕ್ಕಕ್ಕೆ ಅಷ್ಟು ಸಾಕು.

ಮೇ ತಿಂಗಳಲ್ಲಿ ರವಿಚಂದ್ರ ಸಾಹುಕಾರರ ದೋಣಿಯೊಂದು ಗಂಗೊಳ್ಳಿಯಿಂದ ಆಚೆ ಮುಳುಗಿತು. ದೋಣಿ ಹಳೆಯದು. ವಿಮೆ ಹೊಸದು. ಅದರಲ್ಲಿದ್ದವರು ಇಬ್ಬರು. ಒಬ್ಬ ಚಂದು, ದೋಣಿಯ ತಾಂಡೇಲ. ಅಂದರೆ ಅದನ್ನು ನಡೆಸುವವನು, ಅದರ ಮೇಲೆ ಕೊನೆಯ ಮಾತು ಇರುವವನು. ಇನ್ನೊಬ್ಬ ಶೇಖರ. ನೀರು ಒಳಗೆ ನುಗ್ಗಿದಾಗ ಚಂದು ಗಳುವಿಗೆ ಬಟ್ಟೆ ಕಟ್ಟಿ ಏರಿಸಿದ. ಕಡಲಿನಲ್ಲಿ ಬಟ್ಟೆ ಏರಿದರೆ ಕಂಡವನು ಬರಲೇಬೇಕು. ಬಲೆ ಕಡಿದಾದರೂ ಬರಬೇಕು. ಹಗ್ಗ ಎಸೆಯಬೇಕು, ಎಲ್ಲಿಗೆ ಎಂದು ಕೇಳಬೇಕು, ಮುಳುಗುವ ದೋಣಿಯ ತಾಂಡೇಲ ತೋರಿಸಿದ ದಡಕ್ಕೆ ಮುಟ್ಟಿಸಬೇಕು. ಜಗಳ ಇದ್ದರೂ ಸರಿ, ಕೋರ್ಟಿನಲ್ಲಿ ಕೇಸ್ ಇದ್ದರೂ ಸರಿ.

ಹತ್ತಿರದಲ್ಲಿ ಸಾಹುಕಾರರದ್ದೇ ಇನ್ನೊಂದು ದೋಣಿ ಇತ್ತು. ಅದರ ತಾಂಡೇಲ ಗೋಪಿ. ಬಟ್ಟೆ ಕಂಡ... ಬೆನ್ನು ತಿರುಗಿಸಿ ಹೋದ.

ಚಂದು ಪ್ಲಾಸ್ಟಿಕ್ ಕ್ಯಾನ್ ಅಪ್ಪಿಕೊಂಡು ಬದುಕಿದ. ಶೇಖರ ಬದುಕಲಿಲ್ಲ. ಎಂಟು ದಿನದ ಮೇಲೆ ಸಿಕ್ಕ ದೇಹವನ್ನು ಹಲ್ಲು ನೋಡಿ ಗುರುತಿಸಬೇಕಾಯಿತು.

"ನಾನೆಂತ ಬಟ್ಟಿಯೂ ಕಾಣ್ಲಿಲ್ಲ" ಅಂದ ಗೋಪಿ. ಒಬ್ಬನ ಮಾತಿನ ಎದುರು ಇನ್ನೊಬ್ಬನ ಮಾತು. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಚಂದುವಿನ ಹೇಳಿಕೆ ಇತ್ತು. ಅಲ್ಲಿಯವರೆಗೆ ಅವನನ್ನು ಬೈಂದೂರಿನ ಒಂದು ಬಾಡಿಗೆ ಕೋಣೆಯಲ್ಲಿ ಅಡಗಿಸಿಟ್ಟಿದ್ದೆ.

ಎಲ್ಲ ಯೋಚಿಸಿದ್ದೆ. ಬಾಗಿಲಿಗೆ ಎರಡು ಚಿಲಕ. ಹಿಂದಿನಿಂದ ದಾರಿ. ಹಲ್ಲಿನ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

ಶುಕ್ರವಾರ ನೋವು ಶುರು. ಹೊರಗೆ ಬರಲು ಅವನಿಗೆ ಹೆದರಿಕೆ. ಸರೋಜ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ದಿನ ಕೆನ್ನೆಗೆ ಶಾಖ ಕೊಟ್ಟಳು. ಕಡಲ ಕೆಲಸದವರ ಮನೆಯಲ್ಲಿ ಮೈಕೈ ನೋವಿಗೆಲ್ಲ ಅದೇ ಮದ್ದು. ಕೀವು ತುಂಬಿದ ದವಡೆಗೆ ಅದು ಮದ್ದಲ್ಲ. ಭಾನುವಾರ ಬೆಳಿಗ್ಗೆ ಅವಳು ನನಗೆ ಫೋನ್ ಮಾಡುವಾಗ ಚಂದುವಿಗೆ ಮಾತು ನಿಂತಿತ್ತು.

ಬೈಂದೂರಿನಲ್ಲಿ ಹಲ್ಲಿನ ಡಾಕ್ಟರರ ಶಟರ್ ಎಳೆದಿತ್ತು. ಬೋರ್ಡಿನಲ್ಲಿದ್ದ ನಂಬರು ರಿಂಗ್ ಆಗುತ್ತಲೇ ಇತ್ತು. ಕುಂದಾಪುರದಲ್ಲಿ ಒಂದೇ ಒಂದು ಕ್ಲಿನಿಕ್ ತೆರೆದಿದೆ ಎಂದು ಮೆಡಿಕಲ್ ಶಾಪಿನವನು ಹೇಳಿದ. ಕಾರನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ಮೊದಲು ನಾನೊಬ್ಬನೇ ಒಳಗೆ ಹೋದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಪಿ ಪೇಪರ್ ಓದುತ್ತಿದ್ದ.

"ಹ್ವಾಯ್, ಸುಧೀರಣ್ಣ. ಎಂತ, ಹಲ್ ನೋವಾ?"

"ನಿನಗೆ?"

"ನಂಗೊಬ್ಬಂಗೇ ಅಲ್ಲ ಮಾರಾಯ್ರೆ. ಕಾಣಿ."

ಸುತ್ತ ನೋಡಿದೆ. ಬೆಂಚಿನ ತುಂಬ ಅವನ ದೋಣಿಯ ಆಳುಗಳು. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಟೋಕನ್. ಎಲ್ಲರೂ ಕೆನ್ನೆ ಹಿಡಿದುಕೊಂಡಿದ್ದರು. ಒಬ್ಬ ಬಲಗೆನ್ನೆ ಬಿಟ್ಟು ಎಡಗೆನ್ನೆ ಹಿಡಿದ.

"ಚಂದಣ್ಣನ ಹೆಂಡ್ತಿ ನಿನ್ನೆ ಬೈಂದೂರಗೆ ಲವಂಗದೆಣ್ಣಿ ತಕಂಡಳಂಬ್ರ್" ಎಂದ ಗೋಪಿ. "ಭಾನುವಾರ ತೆರ್ದಿಪ್ಪುದ್ ಇದೊಂದೇ ಬಾಗ್ಲ್. ಹುಡ್ಕುದೆಂತಕೆ? ಹಲ್ಲೇ ಕರ್ಕಂಡ್ ಬತ್ತ್."

"ಮುಟ್ಟಿ ನೋಡು ಅವನನ್ನು."

"ಮುಟ್ಟುದಾ? ಶ್ಶೇ." ಅವನು ಪೇಪರಿನ ಹಾಳೆ ಮಗುಚಿದ. "ನಾವ್ ಮುಟ್ಟುದಿಲ್ಲೆ. ಬರೀ ಹೊತ್ ಕಳಿತ್. ಉಳ್ದದ್ ಹಲ್ ಮಾಡತ್ತ್."

ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಏನೆಂದು? ಎಂಟು ಮಂದಿಗೆ ಹಲ್ಲು ನೋವೆಂದೇ?

ನಾನು ಸಾಲು ಬಿಟ್ಟು ಒಳಗೆ ನುಗ್ಗಿದೆ. ಡಾಕ್ಟರ್ ಚಿಕ್ಕ ಪ್ರಾಯದವರು. ನಾನು ಹೇಳಿದ್ದನ್ನು ಕೇಳಿ ಅವರ ಮುಖ ಬಿಳಿಚಿತು. "ಇದು ನನ್ನ ಕುರ್ಚಿಯ ಕೆಲಸ ಅಲ್ಲ. ಗಂಟಲಿನ ಹತ್ತಿರ ಕೊಯ್ಯಬೇಕು. ದವಡೆಯ ಸರ್ಜನ್ ಬೇಕು. ಇವತ್ತು ಇಲ್ಲಿ ಯಾರೂ ಇಲ್ಲ... ಬೇಗ ಹೋಗಿ."

ಸರ್ಜನ್ ಒಬ್ಬರು ನನಗೆ ಗೊತ್ತಿದ್ದರು. ಡಾಕ್ಟರ್ ವಿಜೇತಾ, ಬ್ರಹ್ಮಾವರ. ಶೇಖರನ ಹಲ್ಲು ನೋಡಿ ಗುರುತು ಹೇಳಿದವರು ಅವರೇ. ಓಣಿಗೆ ಓಡುತ್ತಲೇ ಫೋನ್ ಮಾಡಿದೆ.

"ನಾಲಿಗೆಯ ಕೆಳಗೆ ಗಟ್ಟಿಯಾಗಿದೆಯಾ?"

"ಕಲ್ಲಿನ ಹಾಗೆ. ನಾಲಿಗೆ ಮೇಲೆ ಎದ್ದಿದೆ."

"ಬಾಯಿಯೊಳಗೆ ಎಷ್ಟು ಬೆರಳು ಹೋಗ್ತದೆ?"

"ಒಂದೂ ಇಲ್ಲ."

ಆ ಕಡೆ ಕುರ್ಚಿ ಸರಿದ ಶಬ್ದ. "ಮಲಗಿಸಬೇಡಿ. ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಮುಚ್ತದೆ. ಕೂರಿಸಿಯೇ ತನ್ನಿ. ನಾನು ನರ್ಸಿಂಗ್ ಹೋಮ್ ತೆರೆಸ್ತೇನೆ."

"ಎಷ್ಟು ಹೊತ್ತಿದೆ?"

"ಮಾತಾಡ್ತಾ ಇದ್ದರೆ ಕಡಿಮೆ."

ಹೀಗೆ ನಾನು ತೆಕ್ಕಟ್ಟೆ ದಾಟಿದ್ದೆ. ಹೀಗೆ ಕನ್ನಡಿಯಲ್ಲಿ ಬಿಳಿ ಪಿಕಪ್ ಇತ್ತು.

ಸಾಲಿಗ್ರಾಮದಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ಫೋನ್ ಬಂತು.

"ಸುಧೀರಣ್ಣ, ಮಾಬುಕಳದ ಸಂಕದ ಮೇಲ್ ನಮ್ ಐಸ್ ಲಾರಿ ಕೆಟ್ ನಿಂತಿತ್ತ್. ಅಡ್ಡಕ್ಕೆ. ಎಂತ ಮಾಡುದ್, ಹಳೀ ಲಾರಿ." ಕನ್ನಡಿಯಲ್ಲಿ, ಪಿಕಪ್ಪಿನ ಗಾಜಿನ ಹಿಂದೆ ಫೋನ್ ಹಿಡಿದಿದ್ದ ಗೋಪಿಯ ದನಿಯಲ್ಲಿ ಅವಸರವೇ ಇರಲಿಲ್ಲ. "ಕುಂದಾಪುರಕ್ಕೆ ತಿರ್ಗಿ ಹೋಪ. ಚಾ ಕುಡಿವ."

ಬ್ರಹ್ಮಾವರಕ್ಕೆ ಹೆದ್ದಾರಿಯಲ್ಲಿ ಅದೊಂದೇ ಸೇತುವೆ. ಆಂಬುಲೆನ್ಸ್ ಕರೆದರೂ ಅದಕ್ಕೂ ಅದೇ ಸೇತುವೆ.

ಸರೋಜ ನನ್ನ ಭುಜ ತಟ್ಟಿದಳು. "ಹಂಗಾರಕಟ್ಟಿಗೆ ತಿರ್ಗ್ಸಿ. ನನ್ನಕ್ಕ ವನಜಂದ್ ದೋಣಿ ಇತ್ತ್. ಹೊಳಿ ದಾಂಟಿರೆ ಬ್ರಹ್ಮಾವರದ್ ಬದಿಯೇ."

ತಿರುಗಿಸಿದೆ.

ಹಂಗಾರಕಟ್ಟೆಯ ದಡದಲ್ಲಿ ಮಳೆಗಾಲದ ರಜೆ. ಮೀನುಗಾರಿಕೆ ಬಂದ್. ಮೇಲಕ್ಕೆಳೆದಿಟ್ಟ ದೋಣಿಗಳ ಹೊಟ್ಟೆಗೆ ಸುತ್ತಿಗೆ ಬೀಳುತ್ತಿತ್ತು. ಚಪ್ಪರದ ಕೆಳಗೆ ಮೂವತ್ತು ನಲವತ್ತು ಜನ ಬಲೆ ಹೆಣೆಯುತ್ತಿದ್ದರು. ವನಜ ಚಂದುವಿನ ಮುಖ ನೋಡಿದಳು. ದೋಣಿಯ ಹಗ್ಗ ಬಿಚ್ಚಿದಳು.

"ಇಳ್ತ ಇತ್ತ್. ನೀರ್ ಕಡ್ಲಿಗ್ ಇಳಿತ್ತ್, ಅಳ್ವಿ ಬದಿಗ್ ಎಳಿತ್ತ್. ಜಾಗ್ರತಿ. ಹೋಯ್ ಬನಿ."

ಇಂಜಿನ್ ಹಿಡಿದು ನಡೆಸಲು ನನಗೆ ಬಾರದು. ಚಂದು ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಹಿಂದೆ ಕೂತ. ಹೇಗೂ ಮಲಗುವಂತಿರಲಿಲ್ಲ.

ಹೊಳೆ ಕಂದು ಬಣ್ಣಕ್ಕೆ ತಿರುಗಿತ್ತು. ಬಲಗಡೆ ಅಳಿವೆ... ಹೊಳೆ ಕಡಲಿಗೆ ಬೀಳುವ ಬಾಯಿ. ಅಲ್ಲಿ ಬಿಳಿ ನೊರೆ ಏಳುತ್ತಿತ್ತು, ಬೀಳುತ್ತಿತ್ತು. ಮಳೆಗಾಲದಲ್ಲಿ ಅದರೊಳಗೆ ಹೋದ ಸಣ್ಣ ದೋಣಿ ಹಲಗೆಯಾಗಿ ಹೊರಬರುತ್ತದೆ.

ಅರ್ಧ ದಾಟಿರಲಿಲ್ಲ. ಹಿಂದೆ ದೊಡ್ಡ ಇಂಜಿನ್ನಿನ ಸದ್ದು.

ಗೋಪಿ. ಅವನೂ ಒಂದು ದೋಣಿ ಹಿಡಿದಿದ್ದ. ಜೊತೆಗೆ ಇಬ್ಬರು. ನಮ್ಮನ್ನು ಹಾದುಹೋಗಿ ಆಚೆ ದಡಕ್ಕೂ ನಮಗೂ ನಡುವೆ ಅಡ್ಡ ನಿಂತ. ನಾವು ಎಡಕ್ಕೆ ಹೋದರೆ ಎಡಕ್ಕೆ. ಬಲಕ್ಕೆ ಹೋದರೆ ಬಲಕ್ಕೆ. ಮುಟ್ಟಲೇ ಇಲ್ಲ. ಹೇಳಿದ ಮಾತು ಉಳಿಸಿಕೊಳ್ಳುವ ಮನುಷ್ಯ.

ಚಂದುವಿನ ತುಟಿ ನೀಲಿಯಾಗುತ್ತಿತ್ತು. ಒಂದೊಂದು ಉಸಿರಿಗೂ ಅವನ ಭುಜ ಮೇಲೆದ್ದು ಬೀಳುತ್ತಿತ್ತು.

ಆಗ ನಮ್ಮ ಇಂಜಿನ್ ನಿಂತಿತು.

ತಿರುಗಿ ನೋಡಿದೆ. ಚಂದುವಿನ ಕೈಯಲ್ಲಿ ಇಂಜಿನ್ನಿನ ಸೀಮೆಎಣ್ಣೆ ಪೈಪು. ಅವನೇ ಕಿತ್ತಿದ್ದ. ನನ್ನ ಕಣ್ಣೆದುರೇ ಅದನ್ನು ಹೊಳೆಗೆ ಬಿಟ್ಟ.

"ಏನು ಮಾಡ್ತಿದ್ದೀಯ!"

ದೋಣಿ ಒಮ್ಮೆ ಸುತ್ತಿತು. ಮೂತಿ ಅಳಿವೆಯ ಕಡೆ ತಿರುಗಿತು. ನೋವು ತಾಳದೆ ಸಾಯಲು ಹೊರಟಿದ್ದಾನೆ ಎಂದುಕೊಂಡೆ... ನಮ್ಮನ್ನೂ ಕರೆದುಕೊಂಡು.

ಚಂದು ಸರೋಜಳ ಕಡೆ ಕೈ ಚಾಚಿದ. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಜೊಲ್ಲಿನಲ್ಲಿ ನೆಂದ ಕೆಂಪು ಬೈರಾಸವನ್ನು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಹುಟ್ಟಿನ ತುದಿಗೆ ಕಟ್ಟಿದ. ಎರಡು ಕೈಯಲ್ಲಿ ಮೇಲಕ್ಕೆತ್ತಿದ.

ದಡದಲ್ಲಿ ಸುತ್ತಿಗೆಗಳು ನಿಂತವು.

ಚಪ್ಪರದ ಕೆಳಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ನೀರಿನ ಮೇಲೆ ಓಡುತ್ತಿದ್ದ ದೋಣಿ ಒಂದೇ. ಅದರ ತಾಂಡೇಲ ಗೋಪಿ. ಮೇ ತಿಂಗಳ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ನಂಬಿದವರು ಅರ್ಧ, ನಂಬದವರು ಅರ್ಧ.

ಈಗ ಎಲ್ಲರೂ ಕಣ್ಣಿನಿಂದ ನೋಡುತ್ತಿದ್ದರು.

ಬಂದರೆ ಚಂದು ಬದುಕುತ್ತಾನೆ. ಬರದಿದ್ದರೆ... ಸೋಮವಾರ ಯಾರ ಹೇಳಿಕೆಯೂ ಬೇಕಾಗಿರಲಿಲ್ಲ. ಮಾತು ಬಾರದ ಮನುಷ್ಯ ಹುಟ್ಟಿನ ತುದಿಯಲ್ಲಿ ಸಾಕ್ಷಿ ಎತ್ತಿ ಹಿಡಿದಿದ್ದ.

ಗೋಪಿ ಅಲ್ಲಾಡಲಿಲ್ಲ.

"ಇದ್ ಕಡ್ಲ್ ಅಲ್ಲ" ಎಂದ. ನಮಗಲ್ಲ, ತನ್ನವರಿಗೆ. "ಹೊಳಿ."

"ನೀರ್ ನೀರೇ ಗೋಪಿ" ಎಂದ ಅವನ ದೋಣಿಯ ಹಿರಿಯ ಆಳು. "ಹಗ್ಗ ಎತ್ತ್."

"ಸಾಹುಕಾರ್ರ್..."

"ಸಾಹುಕಾರ್ರ್ ಮುಳ್ಗುದಿಲ್ಲೆ. ಮುಳ್ಗುದ್ ನಾವ್. ನಾಳೆ ನನ್ ಬಟ್ಟಿ ಕಂಡ್ ಯಾರ್ ಬತ್ರ್? ಎತ್ತ್ ಹಗ್ಗ."

ನೊರೆಯ ಸದ್ದು ಈಗ ಮಾತಿಗಿಂತ ಜೋರಾಗಿತ್ತು. ದೋಣಿಯ ತಳ ಒಮ್ಮೆ ಎತ್ತಿ ಕುಕ್ಕಿತು. ಸರೋಜ ಗಂಡನ ಸೊಂಟ ಅಪ್ಪಿ ಹಿಡಿದಿದ್ದಳು. ಹುಟ್ಟು ಕೆಳಗಿಳಿಯಲಿಲ್ಲ.

ಹಗ್ಗ ಬಂದು ನನ್ನ ಎದೆಗೆ ಬಡಿಯಿತು.

ಕಟ್ಟಿದೆ. ಬಿಗಿಯಾಯಿತು. ಗೋಪಿ ಚಂದುವಿನ ಮುಖ ನೋಡದೆ, ಹೊಳೆಯ ನೀರು ನೋಡುತ್ತ ಕೇಳಿದ.

"ಎಲ್ಲಿಗೆ?"

ಕೇಳಲೇಬೇಕಿತ್ತು. ದಡವೆಲ್ಲ ನೋಡುತ್ತಿತ್ತು.

ಚಂದು ಬೆರಳೆತ್ತಿ ಬ್ರಹ್ಮಾವರದ ದಡ ತೋರಿಸಿದ.

ಆಚೆ ದಡದಲ್ಲಿ ಹಗ್ಗ ಬಿಚ್ಚುವಾಗ ಗೋಪಿ ನನ್ನ ಹತ್ತಿರ ಬಗ್ಗಿದ. "ಸುಧೀರಣ್ಣ, ನಾ ಬಂದೆ ಅಂದೇಳಿ ಬರ್ಕಣಿ."

"ಬರ್ಕೊಳ್ತೇನೆ. ಇವತ್ತು ಬಂದೆ. ಮೇ ತಿಂಗಳಲ್ಲಿ?"

ಅವನು ಹಗ್ಗ ಸುತ್ತುತ್ತಲೇ ಇದ್ದ. ಸುತ್ತಿ ಮುಗಿದ ಮೇಲೂ ಕೈ ಸುತ್ತುತ್ತಿತ್ತು.

ರಿಕ್ಷಾದಲ್ಲಿ ಚಂದುವನ್ನು ನಡುವೆ ಕೂರಿಸಿಕೊಂಡು ಹೋದೆವು. ಡಾಕ್ಟರ್ ವಿಜೇತಾ ನರ್ಸಿಂಗ್ ಹೋಮಿನ ಗೇಟಿನಲ್ಲೇ ನಿಂತಿದ್ದರು. ಮೊದಲು ಮಾಡಿದ್ದು ಅಳತೆ. ಮೇಲಿನ ಮುಂಹಲ್ಲಿನಿಂದ ಕೆಳಗಿನ ಮುಂಹಲ್ಲಿಗೆ ಒಂದು ಸಣ್ಣ ಸ್ಕೇಲ್ ಹಿಡಿದರು.

"ಆರು ಮಿಲಿಮೀಟರ್. ಸರಿ ಇದ್ದವರದ್ದು ನಲವತ್ತು." ಸರೋಜಳ ಕಡೆ ತಿರುಗಿದರು. "ಶಾಖ ಕೊಟ್ಟಿದ್ದೀರಾ?"

"ಉಪ್ಪಿಂದ್... ನಾನೇ."

"ಇನ್ನು ಹಲ್ಲಿಗೆ ಕೊಡಬೇಡಿ. ಈಗ ಕೈ ಹಿಡ್ಕೊಳ್ಳಿ. ಪ್ರಜ್ಞೆ ತಪ್ಪಿಸಲಿಕ್ಕೆ ಆಗುದಿಲ್ಲ, ಉಸಿರು ನಿಲ್ತದೆ. ಕೂತಲ್ಲೇ ಕೊಯ್ಯಬೇಕು."

ಮರಗಟ್ಟಿಸುವ ಸೂಜಿ ಚುಚ್ಚಿ, ದವಡೆಯ ಕೆಳಗೆ ಕೊಯ್ದರು. ಏನು ಹೊರಬಂತು ಎಂದು ವರ್ಣಿಸುವುದಿಲ್ಲ. ಬಂದರಿನಲ್ಲಿ ಇಪ್ಪತ್ತು ವರ್ಷ ಓಡಾಡಿದ ಮೂಗು ನನ್ನದು... ಆದರೂ ಕಿಟಕಿಯ ಹತ್ತಿರ ಹೋದೆ.

ಅಲ್ಲಿ ನಿಂತಾಗಲೇ ಕೇಳಿಸಿತು. ಅಥವಾ ಕೇಳಿಸಲಿಲ್ಲ ಎನ್ನಬೇಕು.

ಗೊರಕೆ ನಿಂತಿತ್ತು.

ಹೆದರಿ ತಿರುಗಿದೆ. ಚಂದು ಕಣ್ಣು ತೆರೆದೇ ಇದ್ದ. ಎದೆ ಸದ್ದಿಲ್ಲದೆ ಏಳುತ್ತಿತ್ತು, ಬೀಳುತ್ತಿತ್ತು.

ಸೋಮವಾರ ಮ್ಯಾಜಿಸ್ಟ್ರೇಟರು ಅಲ್ಲಿಗೇ ಬಂದರು. ಸಾಹುಕಾರರ ವಕೀಲರೂ ಬಂದರು. ರೋಗಿಯ ಕುತ್ತಿಗೆಯಲ್ಲಿ ರಬ್ಬರ್ ನಳಿಕೆ ಇದೆ, ಬಾಯಿ ತೆರೆಯಲಾಗದು, ಇಂಥವನ ಹೇಳಿಕೆ ಹೇಗೆ ತೆಗೆದುಕೊಳ್ಳುತ್ತೀರಿ, ಮುಂದೂಡಿ ಎಂದರು.

ಅವರಿಗೂ ಬೇಕಾಗಿದ್ದದ್ದು ಹೊತ್ತು ಕಳೆಯುವುದೇ.

ಮ್ಯಾಜಿಸ್ಟ್ರೇಟರು ಚಂದುವಿನ ಕಡೆ ಬಗ್ಗಿದರು. "ಬಟ್ಟೆ ಏರಿಸಿದ್ದನ್ನು ಗೋಪಿ ನೋಡಿದನೇ?"

"ಕಂಡ" ಎಂದ ಚಂದು. ಹಲ್ಲುಗಳ ನಡುವಿನಿಂದ. ನಿಧಾನವಾಗಿ. "ನನ್ ಮುಖ ಕಂಡ. ಶೇಖ್ರ ಕೈ ಎತ್ತಿದ್ದ್ ಕಂಡ. ದೋಣಿ ತಿರ್ಗ್ಸಿದ."

ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಬಾಗಿಲಿನ ಹೊರಗೆ ನಿಂತಿದ್ದ ಗೋಪಿಗೂ. ಅವನು ಅಲ್ಲಗಳೆಯಲಿಲ್ಲ. ಮ್ಯಾಜಿಸ್ಟ್ರೇಟರು ಹೇಳಿಕೆ ಬರೆದುಕೊಂಡರು.

ವಕೀಲರು ಡಾಕ್ಟರ್ ವಿಜೇತಾ ಅವರತ್ತ ತಿರುಗಿ, ಇವನ ಬಾಯಿ ತೆರೆಯುವುದಾದರೂ ಎಷ್ಟು ಎಂದು ಕೇಳಿದರು. ಅವರು ಜೇಬಿನಿಂದ ಸ್ಕೇಲ್ ತೆಗೆದು ಅಳೆದರು.

ಹನ್ನೊಂದು ಮಿಲಿಮೀಟರ್.