ಗುಹೆ ಸಾರಿದ ಏಳು ದಾರಿಗಳು

ಕಾಡುಗಳು ದಿನಕ್ಕೊಂದು ಕಡೆ ಸರಿದು ಕೂರುತ್ತಿದ್ದ ಬಹಳ ಹಿಂದಿನ ಕಾಲ. ಒಂದಾನೊಂದು ರಾಜ್ಯದಲ್ಲಿ ಏಳು ಕೋಟೆಗಳಿದ್ದವು. ಅಲ್ಲಿ ಇವತ್ತಿದ್ದ ದಾರಿ ನಾಳೆ ಇರುತ್ತಿರಲಿಲ್ಲ. ಅದಕ್ಕೇ ಪ್ರತಿ ಕೋಟೆಯ ದಾರಿಗಾರರು ದಿನಾ ಬೆಳಗ್ಗೆ ಒಂದು ಗಿಳಿಯನ್ನು ನಡುಗುಡ್ಡಕ್ಕೆ ಕಳಿಸುತ್ತಿದ್ದರು. 'ನಮ್ಮಲ್ಲಿಂದ ಇಂಥ ಕೋಟೆಗೆ ಇಷ್ಟು ಹೊತ್ತಿನ ದಾರಿ' ಎಂದು ಗಿಳಿ ಒಪ್ಪಿಸುತ್ತಿತ್ತು. ಗುಡ್ಡದ ಮೇಲಿನ ದಾರಿಯಜ್ಜಿ ಎಲ್ಲವನ್ನೂ ಕೇಳಿ, ಹತ್ತಿರದ್ದನ್ನು ಆರಿಸಿ, ಏಳೂ ಕೋಟೆಗೆ ಸಾರುತ್ತಿದ್ದಳು. ಅವಳು ಸಾರಿದ ಮಾತಿಗೆ ಯಾರೂ ಮೀರಲಾಗದ ಒಂದು ಕಟ್ಟು ಇತ್ತು. ಪಯಣಿಗರು ಕೇಳಿದರೆ, ದಾರಿ ಹೇಳಿಕಳಿಸಿದವರಾಗಲಿ ಅವರ ಆಳುಗಳಾಗಲಿ ಮುಂದೆ ನಡೆದು ತೋರಿಸಲೇಬೇಕು. ಆದರೆ ಕೇಳುವ ಪುಣ್ಯಾತ್ಮರು ಯಾರು? ಅಜ್ಜಿ ಸಾರಿದಳೆಂದರೆ ಮುಗಿಯಿತು, ಜನ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು.

ನೀಲಿಕೋಟೆಯ ದಾರಿಗಾರ್ತಿ ಸಂಪಂಗಿಗೆ ಮದುವೆ ಗೊತ್ತಾಗಿತ್ತು. ಹಳದಿಕೋಟೆಯಿಂದ ಗಂಡಿನ ದಿಬ್ಬಣ ಹೊರಡುವ ದಿನವೇ ಒಂದು ಕಪ್ಪು ಗಿಳಿ ಗುಡ್ಡಕ್ಕೆ ಬಂತು. "ನಮ್ಮ ಗುಹೆಯ ಒಳಗಿಂದ ಏಳೂ ಕೋಟೆಗೆ ಅರ್ಧ ಗಳಿಗೆ" ಎಂದಿತು. ಅಜ್ಜಿ ಹಾಗೆಯೇ ಸಾರಿದಳು. ಗುಹೆ ಮಂತ್ರವಾದಿ ಗರಳಾಕ್ಷನದು. ಒಳಹೊಕ್ಕವರೆಲ್ಲ ಕಲ್ಲಾದರು, ದಿಬ್ಬಣವೂ ಕಲ್ಲಾಯಿತು.

ಎರಡು ದಿನ ಕಳೆದರೂ ಗಂಡಿನ ಸುಳಿವಿಲ್ಲ. ಮುಹೂರ್ತ ಅಂದೇ ಮಧ್ಯಾಹ್ನ.

"ಅರ್ಧ ಗಳಿಗೆಯ ದಾರಿಗೆ ಎರಡು ದಿನ ಬೇಕೇನಮ್ಮಾ? ನಾನೇ ನೋಡ್ಕೊಂಡು ಬರ್ತೀನಿ" ಎಂದು ಅಮ್ಮನಿಗೆ ಹೇಳಿ ಸಂಪಂಗಿ ಅರಿಸಿನ ಹಚ್ಚಿದ ಮೈಯಲ್ಲೇ ಹೊರಟಳು.

ಗುಹೆಯ ಬಾಗಿಲಲ್ಲಿ ಗರಳಾಕ್ಷನ ಕಾವಲಿನ ಎರಡು ತಲೆಯ ತೋಳ. "ಎಲ್ಲಿಗೆ?"

"ನೀಲಿಕೋಟೆಗೆ. ಮುಂದೆ ನಡೆದು ತೋರಿಸಣ್ಣ."

ತಲೆಗಳೆರಡೂ ನಾ ಮುಂದು ತಾ ಮುಂದು ಎಂದು ಓಡಿದವು. ಆಚೆ ದಾರಿಯೇ ಇಲ್ಲ. ಬಂಡೆಗೆ ಹಣೆ ಚಚ್ಚಿಕೊಂಡು ತೋಳ ಹೊಗೆಯಾಯಿತು.

ಒಳಗೆ ಕಾವಲಿಗೆ ಏಳು ಮಾರಿನ ಹೆಬ್ಬಾವು. "ಎಲ್ಲಿಗೆ?"

"ನೀಲಿಕೋಟೆಗೆ. ಮುಂದೆ ನಡೆದು ತೋರಿಸಣ್ಣ."

ಹಾವು ಬಂಡೆಯಿಂದ ಬಂಡೆಗೆ ಸುತ್ತಿ ಸುತ್ತಿ ತನಗೆ ತಾನೇ ಗಂಟುಬಿದ್ದು ಹಗ್ಗವಾಯಿತು.

ಆಗ ಗರಳಾಕ್ಷ ಎದುರಾಗಿ ಕೋಲೆತ್ತಿದ. "ಕಲ್ಲಾಗು!"

"ಆಗೋಣಂತೆ. ಗಿಳಿ ಕಳಿಸಿದ ದೊಡ್ಡವರು ತಾವೇ ಅಲ್ಲವೇ? ಮೊದಲು ಮುಂದೆ ನಡೆದು ತೋರಿಸಿ."

ಮಂತ್ರವಾದಿಯ ಕಾಲು ತಾನಾಗಿ ಹೆಜ್ಜೆ ಹಾಕಿತು. ನಿಲ್ಲೆಂದರೆ ನಿಲ್ಲಲಿಲ್ಲ. ಬಂಡೆ ಹಣೆಯ ಹತ್ತಿರ ಬರುತ್ತಲೇ ತಲೆ ಉಳಿದರೆ ಸಾಕೆಂದು ಮಂತ್ರ ಸುರಿದು ಅದನ್ನು ಸೀಳಿದ. ಆಚೆ ನೀಲಿಕೋಟೆ ಕಾಣಿಸಿತು.

"ಒಂದಾಯಿತು. ಏಳು ಅಂದಿದ್ದಿರಿ" ಎಂದಳು ಸಂಪಂಗಿ.

ಏದುಸಿರು ಬಿಡುತ್ತ ಏಳೂ ದಾರಿ ತೆರೆದ. ಏಳನೆಯದಕ್ಕೆ ಅವನ ಮಂತ್ರವೆಲ್ಲ ಬರಿದಾಯಿತು. ಕಲ್ಲಾದವರು ಆಕಳಿಸುತ್ತ ಎದ್ದರು. ಮದುಮಗ ಚೆನ್ನಿಂಗ ಕಣ್ಣುಜ್ಜಿಕೊಂಡು, "ಊಟಕ್ಕೆ ಹೊತ್ತಾಯ್ತಾ?" ಎಂದ.

"ಮೊದಲು ತಾಳಿ ಕಟ್ಟು ಮಾರಾಯ" ಎಂದು ಸಂಪಂಗಿ ಅತ್ತಳು, ನಕ್ಕಳು, ಅವನ ಕೈ ಹಿಡಿದು ಎಳೆದೊಯ್ದಳು.

ಮುಹೂರ್ತಕ್ಕೆ ಸರಿಯಾಗಿ ಮದುವೆಯಾಯಿತು. ಗರಳಾಕ್ಷನೂ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದ. ಅವತ್ತಿನಿಂದ ಅವನು ಒಳ್ಳೆಯ ದಾರಿಗಾರನಾದ. ಮಗಳು ಎರಡು ದಿನದ ದೂರಕ್ಕೆ ಹೋಗುತ್ತಾಳೆಂದು ಕಣ್ಣೀರಿಡುತ್ತಿದ್ದ ಅಮ್ಮ ಮಾತ್ರ ಹೊಸ ದಾರಿಯನ್ನೇ ನೋಡುತ್ತ ನಿಂತಳು. ಎಲ್ಲರೂ ಸುಖವಾಗಿ ಬಾಳಿದರು. ಆ ರಾಜ್ಯದ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಅಕ್ಕಿ ನೆನೆಹಾಕಿ, ತವರಿಗೆ ಹೋಗಿ ಅಮ್ಮನ ಕೈಯಲ್ಲಿ ತಲೆ ಬಾಚಿಸಿಕೊಂಡು, ಅಕ್ಕಿ ನೆನೆಯುವಷ್ಟರಲ್ಲಿ ತಿರುಗಿ ಬರುತ್ತಾರಂತೆ.